ಚಿರತೆಗೆ ಜೇಬಿಲ್ಲ

ಫೋಟೋ ಸರಿಯಾಗಿದೆಯೋ, ಕನ್ನಡಿಯಲ್ಲಿ ಕಂಡಂತೆ ತಿರುಗಿದೆಯೋ ಎಂದು ತಿಳಿಯಬೇಕಾದರೆ ಅಂಗಿಯ ಜೇಬು ನೋಡಬೇಕು. ಜೇಬು ತೊಟ್ಟವನ ಎಡ ಎದೆಯ ಮೇಲಿದ್ದರೆ ಫೋಟೋ ಸರಿ. ಬಲ ಎದೆಗೆ ಬಂದಿದ್ದರೆ ಯಾರೋ ಅದನ್ನು ತಿರುಗಿಸಿದ್ದಾರೆ. ಜೇಬಿಲ್ಲದವರಿಗೆ ಕೈಗಡಿಯಾರ ನೋಡಬೇಕು, ಗಡಿಯಾರವೂ ಇಲ್ಲದವರಿಗೆ ತಲೆಯ ಬೈತಲೆ. ಸ್ಟುಡಿಯೋಗೆ ಕೆಲಸ ಕಲಿಯಲು ಬಂದವರಿಗೆಲ್ಲ ಆಲ್ಬಂ ಅಕ್ಕ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ತಿರುಗಿಸಬಾರದು ಎಂದು ಹೇಳಿಕೊಡುತ್ತಿದ್ದಳು ಅಂತ ತಿಳಿಯಬೇಡಿ. ತಿರುಗಿಸಿದ್ದು ಗೊತ್ತಾಗಬಾರದು ಅಂತ ಹೇಳಿಕೊಡುತ್ತಿದ್ದಳು.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಯಜಮಾನರು ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಮೇಲೆ, ಭುಜ ಕೆಳಗೆ ಎನ್ನುತ್ತ ಫೋಟೋ ತೆಗೆಯುತ್ತಿದ್ದರು. ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಎರಡು ಪರದೆಗಳ ಮುಂದೆ, ಬೆನ್ನಿಗೊಂದು ಹಳೆಯ ದಿಂಬು ಕೊಟ್ಟುಕೊಂಡು, ಅಕ್ಕ ಅರ್ಧ ಆಯಸ್ಸು ಕಳೆದಿದ್ದಳು. ಊರಿನ ಮದುವೆಗಳೆಲ್ಲ ಅವಳ ಕೈಯಲ್ಲಿ ಹಾದೇ ಆಲ್ಬಂ ಆಗಬೇಕು. ಯಾರಾದರೂ ಕಣ್ಣು ಮುಚ್ಚಿದ್ದರೆ ಇನ್ನೊಂದು ಫೋಟೋದಿಂದ ತೆರೆದ ಕಣ್ಣು ತಂದು ಕೂರಿಸುವಳು. ಮುಖ ಗಂಟಿಕ್ಕಿಕೊಂಡು ದೂರ ದೂರ ನಿಂತ ಅಣ್ಣತಮ್ಮಂದಿರನ್ನು ಎಳೆದು ಹತ್ತಿರ ನಿಲ್ಲಿಸುವಳು. ಇವರು ಇಷ್ಟು ಹತ್ತಿರ ನಿಂತದ್ದು ಯಾವಾಗ ಎಂದು ಹೆತ್ತ ತಾಯಿಯೇ ಬೆರಗಾಗಬೇಕು, ಹಾಗೆ.

ಅವಳಿಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಆಲ್ಬಂನಲ್ಲಿ ಯಾವ ಮುಖವೂ ಪುಟದಿಂದ ಹೊರಗೆ ನೋಡಬಾರದು. ಎಡಪುಟದವರು ಬಲಕ್ಕೆ ನೋಡಬೇಕು, ಬಲಪುಟದವರು ಎಡಕ್ಕೆ. ನೋಟವೆಲ್ಲ ಒಳಕ್ಕೇ ಬರಬೇಕು. "ಹೊರಗೆ ನೋಡೋ ಮುಖ ಇಟ್ರೆ ಮನೆ ಬಿಟ್ಟು ಹೊರಟಂಗಿರತ್ತೆ" ಎನ್ನುವಳು. ಅದಕ್ಕಾಗಿ ಅರ್ಧ ಮದುವೆಯನ್ನು ತಿರುಗಿಸಿಬಿಡುತ್ತಿದ್ದಳು. ತಿರುಗಿಸುವುದಕ್ಕೆ ಒಂದು ಕೀಲಿ ಒತ್ತಿದರೆ ಸಾಕು. ಆ ಕೀಲಿಯ ಮೇಲಿನ ಅಕ್ಷರ ಅಳಿಸಿಹೋಗಿ ವರ್ಷಗಳಾಗಿದ್ದವು. ಒತ್ತಿದ್ದು ಅವಳಿಗೇ ನೆನಪಿರುತ್ತಿರಲಿಲ್ಲ. ಇನ್ನು ಕೆಲವು ಗಿರಾಕಿಗಳು ತಮ್ಮ ಫೋಟೋ ನೋಡಿ, "ಇದು ನನ್ನ ಮುಖಾನೇ ಅಲ್ಲ" ಎಂದು ರಂಪ ಮಾಡುವರು. ಪಾಪ, ಅವರು ಹುಟ್ಟಿದಾಗಿನಿಂದ ತಮ್ಮನ್ನು ನೋಡಿಕೊಂಡದ್ದು ಕನ್ನಡಿಯಲ್ಲಿ. ಅಕ್ಕ ಒಳಗೆ ಹೋಗಿ ಅದೇ ಫೋಟೋವನ್ನು ತಿರುಗಿಸಿ ತಂದುಕೊಟ್ಟರೆ, "ಈಗ ನೋಡಿ, ಎಷ್ಟು ಚೆನ್ನಾಗಿ ಸರಿಮಾಡಿದ್ರಿ" ಎಂದು ಮೆಚ್ಚಿಕೊಂಡು ಹೋಗುವರು.

ಕೆಲಸದಲ್ಲಿ ಇಷ್ಟು ಗಟ್ಟಿಗಿತ್ತಿಯಾದರೂ ಹೆಂಗಸು ಪುಕ್ಕಲು ಸ್ವಭಾವದವಳು. ಬೀಗ ಹಾಕಿ ಮೆಟ್ಟಿಲಿಳಿದು ಮತ್ತೆ ಹತ್ತಿ ಬೀಗ ಜಗ್ಗಿ ನೋಡುವಳು. ಒಲೆ ಆರಿಸಿದೆನಾ ಎಂದು ಬಸ್ಸಿನಿಂದ ಇಳಿದು ವಾಪಸು ಹೋದದ್ದೂ ಉಂಟು. "ಇರು, ಇನ್ನೊಂದ್ಸಲ ನೋಡ್ಬಿಡ್ತೀನಿ" ಎನ್ನುವುದು ಬಾಯಿಗೆ ಅಂಟಿಹೋಗಿ, ಅವಳ ಗಂಡ ಅವಳನ್ನು ಇನ್ನೊಂದ್ಸಲ ಎಂದೇ ಕರೆಯುತ್ತಿದ್ದ. "ಬಾಗಿಲಿಗೆ ಬೀಗ ಹಾಕಿದ್ದಾಯ್ತಲ್ಲ, ಬೀಗಕ್ಕೊಂದು ಬೀಗ ತರ್ಲಾ?" ಎಂದು ರೇಗಿಸುವನು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಅವಳು ಒಂದು ಹಳೆಯ ಹಾರ್ಡ್ ಡಿಸ್ಕಿಗೂ ತುಂಬಿ, ಮನೆಗೆ ತಂದು, ಬೀರುವಿನಲ್ಲಿ ಸ್ವೆಟರುಗಳ ನಡುವೆ ಸುತ್ತಿಡುತ್ತಿದ್ದಳು. ಯಾರ ಮದುವೆಯೋ ಏನೋ, ಅದಕ್ಕೆ ನಮ್ಮ ಮನೆಯಲ್ಲಿ ಸ್ವೆಟರ್ ಎಂದು ಗಂಡ ಅದಕ್ಕೂ ನಗುವನು.

ಈ ಕಥೆಯಲ್ಲಿ ಕಾಡು ಬರುವುದು ಮೈದುನನ ಮೂಲಕ. ಗಂಡನ ತಮ್ಮ, ಬ್ಯಾಂಕಿನ ಗುಮಾಸ್ತ. ವಾರವೆಲ್ಲ ಗಾಜಿನ ಹಿಂದೆ ಕೂತು ಠಸ್ಸೆ ಹೊಡೆಯುವುದು, ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೇರಿಸಿ ಕಾಡಿಗೆ ಓಡುವುದು. ಭಾನುವಾರ ಸಂಜೆ ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಅಣ್ಣನ ಮನೆಗೆ ಬಂದು, ಕ್ಯಾಮೆರಾದ ಕಾರ್ಡು ಅತ್ತಿಗೆಯ ಕೈಗಿಡುವನು. ಅವಳು ಸೋಮವಾರ ಸ್ಟುಡಿಯೋದಲ್ಲಿ ಎಲ್ಲವನ್ನೂ ಇಳಿಸಿಕೊಂಡು, ಒಳ್ಳೆಯದನ್ನು ಆರಿಸಿ, ಬೆಳಕು ತಿದ್ದಿ, ಅಂಚು ಕತ್ತರಿಸಿ ಕೊಡುವಳು. ಅವನು ಕಾರ್ಡು ಅಳಿಸಿಕೊಂಡು ಮತ್ತೆ ಓಡುವನು. ಬೀದಿಯ ಬೆಕ್ಕು ಅಡ್ಡ ಬಂದರೆ ಗೋಡೆಗೆ ಅಂಟಿ ನಿಲ್ಲುವ ಹೆಂಗಸಿನ ಪರದೆಯ ಮೇಲೆ ಹೀಗೆ ಆನೆ, ಹದ್ದು, ನರಿ ಎಲ್ಲ ಬಂದು ಕೂರತೊಡಗಿದವು.

ಅವನ ಜಗತ್ತಿನ ನಿಯಮ ಬೇರೆಯಿತ್ತು. "ಅತ್ತಿಗೆ, ಏನೂ ಸೇರಿಸಬಾರ್ದು, ಏನೂ ಅಳಿಸಬಾರ್ದು. ಬೆಳಕು ಹೆಚ್ಚುಕಮ್ಮಿ ಮಾಡ್ಬಹುದು, ಅಂಚು ಕತ್ತರಿಸ್ಬಹುದು, ಅಷ್ಟೇ."

"ಮೂತಿಗೆ ಅಡ್ಡ ಬಂದಿರೋ ಈ ಹುಲ್ಲುಕಡ್ಡಿ?"

"ಇರ್ಲಿ. ಅದು ಅಲ್ಲಿ ಇತ್ತು."

"ಮದುಮಗಳ ಮೊಡವೆ ತೆಗೆದ್ರೆ ಎಲ್ಲರೂ ಕೈಮುಗೀತಾರೆ. ನಿನ್ನ ನರಿ ಮೂತಿ ಮುಂದಿನ ಕಡ್ಡಿ ತೆಗೆದ್ರೆ ಜೈಲಾ?"

"ಹೂಂ, ಜೈಲೇ" ಎಂದು ನಗುವನು ಮೈದುನ. ಅಕ್ಕ ಮೂಗು ಮುರಿದು ಒಪ್ಪಿಕೊಂಡಳು. ಆದರೆ ಎಲ್ಲಿ ಕತ್ತರಿಸಬೇಕು, ಪ್ರಾಣಿಯ ಮುಂದೆ ಎಷ್ಟು ಜಾಗ ಬಿಡಬೇಕು, ಕಣ್ಣು ಎಲ್ಲಿ ಬಂದು ಕೂತರೆ ನೋಡುವವನ ಕಣ್ಣು ಅಲ್ಲೇ ನಿಲ್ಲುತ್ತದೆ ಎಂಬುದೆಲ್ಲ ಅವಳ ಕೈಗೆ ಗೊತ್ತಿತ್ತು. ಅಂಚಿನಲ್ಲಿ ಅರ್ಧ ಕೊಂಬೆ, ಅರ್ಧ ಬಾಲ ಇಣುಕಿದರೆ ನಿರ್ದಯವಾಗಿ ಕತ್ತರಿಸಿ ಎಸೆಯುವಳು. ಅರ್ಧ ಇರುವುದು ಅವಳ ಲೆಕ್ಕದಲ್ಲಿ ಕಸ.

ಚಳಿಗಾಲ ಮುಗಿಯುವ ಹೊತ್ತಿಗೆ ಅವನು ಆ ಚಿರತೆಯನ್ನು ತಂದ. ಎಷ್ಟೋ ತಿಂಗಳಿಂದ ಬೆನ್ನುಹತ್ತಿದ್ದ ಹೆಣ್ಣು ಚಿರತೆ. ಎರಡು ಪುಟ್ಟ ಮರಿಗಳ ತಾಯಿ. ಹುಲ್ಲಿನ ಸಂದಿಯಲ್ಲಿ ಎಷ್ಟೋ ಸಲ ಅರೆಬರೆ ಕಂಡು ಮಾಯವಾದದ್ದು, ಒಂದು ಸಂಜೆ ಬಂಡೆಯ ಮೇಲೆ ಪಕ್ಕಕ್ಕೆ ತಿರುಗಿ ಕೂತಿತಂತೆ. ಅವನು ಒಂದೇ ಒಂದು ಫೋಟೋ ತೆಗೆಯುವಷ್ಟರಲ್ಲಿ ಇಳಿದುಹೋಯಿತಂತೆ. ಆ ಒಂದು ಚಿತ್ರದ ಮೇಲೆ ಅಕ್ಕ ಸಂಜೆಗಟ್ಟಲೆ ಕೂತಳು. ಬೆಳಕು ಮೈಯ ಅರ್ಧಕ್ಕೇ ನಿಂತಿತ್ತು. ಮಿಕ್ಕ ಅರ್ಧದ ಒಂದೊಂದೇ ಚುಕ್ಕೆಯನ್ನು ಕತ್ತಲಿನಿಂದ ಮೆಲ್ಲಗೆ ಎತ್ತಿ ತಂದಳು. ಹೆಗಲಿನ ಹತ್ತಿರ ಮೂರು ಚುಕ್ಕೆ ಕೂಡಿಕೊಂಡು, ನಾಲ್ಕನೆಯದು ಕೊಂಚ ಮುನಿಸಿಕೊಂಡಂತೆ ದೂರ ನಿಂತಿತ್ತು. ಅವಳಿಗೆ ತನ್ನ ಆಲ್ಬಮ್ಮಿನ ಅಣ್ಣತಮ್ಮಂದಿರು ನೆನಪಾಗಿ ಒಬ್ಬಳೇ ನಕ್ಕಿದ್ದಳು. ಅದನ್ನು ಮಾತ್ರ ಹತ್ತಿರ ಎಳೆಯಲಿಲ್ಲ.

ಅರಣ್ಯ ಕಚೇರಿಯವರು ಪ್ರತಿವರ್ಷ ಸ್ಪರ್ಧೆ ಇಟ್ಟು, ಗೆದ್ದ ಚಿತ್ರವನ್ನು ಯುಗಾದಿಗೆ ತರುವ ಗೋಡೆಯ ಕ್ಯಾಲೆಂಡರಿಗೆ ಹಾಕುತ್ತಿದ್ದರು. ಚಿತ್ರ ಎಡಕ್ಕೆ, ತಾರೀಖುಗಳು ಬಲಕ್ಕೆ. ಮೈದುನ ಪರದೆಗೆ ಮೂಗು ತಾಗುವಷ್ಟು ಬಾಗಿ ಚಿತ್ರ ನೋಡಿದ. ಆಮೇಲೆ, "ಉಸಿರಾಡ್ತಿದೆ ಅತ್ತಿಗೆ" ಎಂದ. ಅರ್ಜಿ ತುಂಬುವಾಗ ಕೇಳಿದ, "ಏನೂ ಸೇರಿಸಿಲ್ಲ, ಅಳಿಸಿಲ್ಲ ತಾನೇ?"

"ಇಲ್ಲಪ್ಪ, ಒಂದು ಕೂದಲೂ ಇಲ್ಲ" ಎಂದಳು ಅಕ್ಕ. ಅದು ಸುಳ್ಳಲ್ಲ. ಮೊದಲ ಬಹುಮಾನ ಬಂತು. ಬ್ಯಾಂಕಿನಲ್ಲಿ, ಸ್ಟುಡಿಯೋದಲ್ಲಿ, ಮನೆಯಲ್ಲಿ, ಎಲ್ಲ ಗೋಡೆಗಳ ಮೇಲೂ ಆ ಚಿರತೆ ತಾರೀಖುಗಳ ಕಡೆ ನೋಡುತ್ತ ಕೂತಿತು. ಮೈದುನನನ್ನು ಅರಣ್ಯ ಕಚೇರಿಯವರು ಹೆಸರು ಹಿಡಿದು ಕರೆಯುವಂತಾಯಿತು. ಅವನ ನಡಿಗೆಯೇ ಬದಲಾಯಿತು. ಅಕ್ಕನಿಗೂ ಒಳಗೊಳಗೆ ಹಿಗ್ಗು.

ಅದಾಗಿ ತಿಂಗಳುಗಳು ಉರುಳಿದವು. ಒಂದು ಬೆಳಿಗ್ಗೆ ಅವನು ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದ. ಕಾಡಂಚಿನ ಮನೆಗಳ ಹತ್ತಿರ ಕುರಿ ಹಿಡಿಯುತ್ತಿದ್ದ ಚಿರತೆಯೊಂದು ಬೋನಿಗೆ ಬಿದ್ದಿದೆ ಎಂದ. ಹೆಣ್ಣು ಚಿರತೆ. ಬಂಡೆಯ ಮೇಲಿನ ಚಿರತೆಯೇ ಆಗಿದ್ದರೆ ಅಲ್ಲೇ ಬಿಡಬೇಕು, ಮರಿಗಳು ಇನ್ನೂ ಸ್ವಂತ ಬೇಟೆ ಕಲಿತಿಲ್ಲ, ತಾಯಿ ಇಲ್ಲದೆ ಬದುಕುವುದಿಲ್ಲ. ಬೇರೆ ಚಿರತೆಯಾದರೆ ಲಾರಿಯಲ್ಲಿ ದೂರದ ಪ್ರಾಣಿ ಕೇಂದ್ರಕ್ಕೆ ಕಳಿಸಿಬಿಡುವುದು. ಮರಿಗಳು ಹಾಲು ಬಿಟ್ಟಾಗಿದ್ದರಿಂದ ಇದು ತಾಯಿಯೋ ಅಲ್ಲವೋ ಎಂದು ಪ್ರಾಣಿ ಡಾಕ್ಟರಿಗೂ ಹೇಳಲಾಗಲಿಲ್ಲ. ಅದಕ್ಕೇ ಅರಣ್ಯ ಕಚೇರಿಯವರು ಅಂದು ನಸುಕಿನಲ್ಲೇ ಅವನನ್ನು ಕರೆಸಿದ್ದರು.

"ಚುಕ್ಕೆ ಹೋಲಿಸೋದು ಅತ್ತಿಗೆ. ನಮ್ಮ ಹೆಬ್ಬೆಟ್ಟಿನ ಗುರುತಿದ್ದಂಗೆ. ಒಂದು ಚಿರತೆ ಥರ ಇನ್ನೊಂದಿರಲ್ಲ. ಅಷ್ಟೇ ಅಲ್ಲ, ಅದೇ ಚಿರತೆಗೆ ಎಡಗಡೆ ಚುಕ್ಕೆ ಬೇರೆ, ಬಲಗಡೆ ಚುಕ್ಕೆ ಬೇರೆ. ನಮ್ಮ ಫೋಟೋದಲ್ಲಿ ಬಲಗಡೆ ಮೈ ಕಾಣತ್ತೆ. ಬೋನಿನಲ್ಲಿರೋದರ ಬಲಗಡೆ ಮೈ ಜೊತೆ ಇಟ್ಟು ನೋಡ್ದೆ. ಒಂದು ಚುಕ್ಕೆನೂ ಕೂಡಲ್ಲ. ನಮ್ಮವಳಲ್ಲ ಅಂತ ಬರೆದುಕೊಟ್ಟು ಬಂದೆ. ಮಧ್ಯಾಹ್ನ ಲಾರಿ ಹೊರಡತ್ತೆ."

"ಪಾಪ" ಎಂದಳು ಅಕ್ಕ.

ಬೋನಿನ ಚಿರತೆಯ ಎರಡೂ ಪಕ್ಕದ ಫೋಟೋಗಳನ್ನು ಅವಳ ಮೊಬೈಲಿಗೆ ಕಳಿಸಿ, ಅವನು ಶಿಳ್ಳೆ ಹಾಕಿಕೊಂಡು ಇಳಿದುಹೋದ. ಅಕ್ಕ ಯಾರದೋ ಆಲ್ಬಂಗೆ ಕೈಹಾಕಿದಳು. ಕೈ ಓಡಲಿಲ್ಲ. ಮೊಬೈಲು ತೆಗೆದು ನೋಡಿದಳು, ಇಟ್ಟಳು, ಮತ್ತೆ ತೆಗೆದಳು. ಬಲಪಕ್ಕ ನೋಡಿದರೆ ಗುರುತಿಲ್ಲದ ಪ್ರಾಣಿ. ಎಡಪಕ್ಕ ನೋಡಿದರೆ ಬೆರಳು ತಾನಾಗಿ ಚಿತ್ರ ದೊಡ್ಡದು ಮಾಡಿತು. ಹೆಗಲ ಹತ್ತಿರ ಕೂಡಿಕೊಂಡ ಮೂರು ಚುಕ್ಕೆ, ದೂರ ನಿಂತ ಒಂದು. ಅದೇ ಹೌದು, ಆದರೆ ಅಲ್ಲ. ಕಂಡ ಮುಖ, ಆದರೆ ಕಂಡಂತಿಲ್ಲ. ತಮ್ಮ ಫೋಟೋ ತಾವೇ ಒಪ್ಪದ ಗಿರಾಕಿಗಳ ಮುಖ ಕಣ್ಣಮುಂದೆ ಬಂತು.

ತಿರುಗಿಸಿದೆನಾ?

ನೆನಪಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ನೆನಪಿಲ್ಲ. ಬೆಳಕು ತಿದ್ದಿದ್ದು ನೆನಪಿದೆ, ಚುಕ್ಕೆ ಎತ್ತಿದ್ದು ನೆನಪಿದೆ, ತಿರುಗಿಸಿದ್ದು ಮಾತ್ರ ಇಲ್ಲ. ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಚಿರತೆಯನ್ನು ಮೇಲಿಂದ ಕೆಳಗೆ ನೋಡಿದಳು. ಎಲ್ಲಿ ಹಿಡಿಯುವುದು? ಚಿರತೆಗೆ ಜೇಬಿಲ್ಲ. ಗಡಿಯಾರವಿಲ್ಲ, ಬೈತಲೆಯಿಲ್ಲ. ಹಿಂದಿನ ಬಂಡೆಗೂ ಎಡಬಲವಿಲ್ಲ. ಆದರೆ ಚಿರತೆ ನೋಡುತ್ತಿರುವುದು ಬಲಕ್ಕೆ, ತಾರೀಖುಗಳ ಕಡೆಗೆ, ಒಳಕ್ಕೆ. ಅವಳ ಕೈಯಿಂದ ಬಂದ ಎಲ್ಲ ಮುಖಗಳೂ ನೋಡುವಂತೆ.

ಕಂಪ್ಯೂಟರಿನಲ್ಲಿ ಕ್ಯಾಲೆಂಡರಿನ ಚಿತ್ರ ತೆರೆದು, ಅಕ್ಷರ ಅಳಿಸಿಹೋದ ಆ ಕೀಲಿ ಒತ್ತಿದಳು. ಚಿರತೆ ಎಡಕ್ಕೆ ತಿರುಗಿತು. ಪಕ್ಕಕ್ಕೆ ಬೋನಿನ ಚಿರತೆಯ ಎಡಮೈ ಇಟ್ಟಳು. ಮೂರು ಚುಕ್ಕೆಗೆ ಮೂರು, ದೂರದ ಒಂದಕ್ಕೆ ಒಂದು. ಬೆನ್ನಿನುದ್ದಕ್ಕೂ, ತೊಡೆಯವರೆಗೂ, ಒಂದೂ ತಪ್ಪದೆ ಕೂಡಿಕೊಂಡಿತು. ಅಕ್ಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಬಂಡೆಯ ಮೇಲಿನ ತಾಯಿ ಬೋನಿನಲ್ಲಿದ್ದಾಳೆ. ಮಧ್ಯಾಹ್ನ ಲಾರಿ.

ಮೈದುನನಿಗೆ ಫೋನ್ ಮಾಡಿದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆ ಕಡೆ ಠಸ್ಸೆಯ ಸದ್ದು ನಿಂತಿತು.

"ತಮಾಷೆ ಮಾಡ್ಬೇಡಿ ಅತ್ತಿಗೆ."

"ತಮಾಷೆ ಮಾಡೋ ದನಿನಾ ಇದು?"

"ಆ ಕೂತ ಭಂಗಿ ನನ್ನ ಕಣ್ಣಲ್ಲೇ ಇದೆ. ಬಲಕ್ಕೇ ನೋಡ್ತಿತ್ತು."

"ನಿನ್ನ ಕಣ್ಣಲ್ಲಿರೋದು ಕ್ಯಾಲೆಂಡರು ಕಣೋ. ನೀನು ಕಾಡಲ್ಲಿ ಅದನ್ನ ನೋಡಿದ್ದು ಒಂದು ಗಳಿಗೆ. ಗೋಡೆ ಮೇಲೆ ತಿಂಗಳುಗಟ್ಟಲೆ ನೋಡಿದ್ದೀಯ."

"ಬರೆದುಕೊಟ್ಟಿದ್ದೀನಿ ಅತ್ತಿಗೆ" ಎಂದ, ಬೇರೆ ಯಾರದೋ ದನಿಯಲ್ಲಿ. "ಸ್ಪರ್ಧೆಗೂ ಸಹಿ ಹಾಕಿದ್ದೀನಿ, ಏನೂ ಬದಲಿಸಿಲ್ಲ ಅಂತ. ಕಾಡೊಳಗೆ ಇನ್ನು ಕಾಲಿಡಕ್ಕೆ ಬಿಡ್ತಾರಾ ನನ್ನ? ಮೂಲ ಫೋಟೋ ಇದೆಯಾ? ತಿರುಗಿಸಿದ್ದನ್ನ ಇನ್ನೊಂದ್ಸಲ ತಿರುಗಿಸಿ ತೋರಿಸಿದ್ರೆ ಯಾರು ನಂಬ್ತಾರೆ? ಆಮೇಲೆ ಮಾತಾಡ್ತೀನಿ." ಫೋನ್ ಇಟ್ಟುಬಿಟ್ಟ. ಮತ್ತೆ ಮಾಡಿದರೆ ಸ್ವಿಚ್ ಆಫ್.

ಅಕ್ಕ ಮೂಲ ಹುಡುಕಿದಳು. ಅವನ ಕಾಡಿನ ಫೋಟೋಗಳ ಫೋಲ್ಡರೇ ಇರಲಿಲ್ಲ. ಮುಂದಿನ ಕೋಣೆಗೆ ಓಡಿದಳು. ಯಜಮಾನರು ಒಬ್ಬ ಅಜ್ಜನ ಗದ್ದ ಎತ್ತುತ್ತಿದ್ದರು.

"ಕಾಡಿನ ಫೋಟೋಗಳಾ? ಮದುವೆ ಕಾಲ ಬಂತು, ಜಾಗ ಇರ್ಲಿಲ್ಲ ಅಂತ ತೆಗೆದುಬಿಟ್ಟೆನಲ್ಲಕ್ಕ. ನಿಮಗೆ ಹೇಳ್ಲಿಲ್ವಾ? ಕ್ಯಾಲೆಂಡರಿಂದೊಂದು ಉಳಿಸಿದೀನಿ, ಹೆದರಬೇಡಿ."

ಅವಳಿಗೆ ಬೀರು ನೆನಪಾಯಿತು, ಸ್ವೆಟರು ನೆನಪಾಯಿತು. ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಅಂದು ಅವಳು ಹಿಂದಿನ ಕೋಣೆಯ ದೀಪವನ್ನೂ ಆರಿಸಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅಜ್ಜ ಗದ್ದ ಮೇಲೆತ್ತಿಕೊಂಡೇ ನೋಡುತ್ತಿದ್ದ.

ಮನೆಯಲ್ಲಿ ಬೀರುವಿನ ಸ್ವೆಟರೆಲ್ಲ ನೆಲಕ್ಕೆ ಬಂದವು. ಹಾರ್ಡ್ ಡಿಸ್ಕು ಗಂಡನ ನೀಲಿ ಸ್ವೆಟರಿನ ತೋಳಿನೊಳಗೆ ಇತ್ತು. ಅದನ್ನು ಊಟದ ಡಬ್ಬಿಯೊಳಗಿಟ್ಟು, ಟವೆಲು ಸುತ್ತಿ, ಎದೆಗವಚಿಕೊಂಡು ಅರಣ್ಯ ಕಚೇರಿಯ ಕಡೆಯ ಬಸ್ಸು ಹತ್ತಿದಳು. ಕೂರಲು ಜಾಗ ಸಿಕ್ಕರೂ ಕೂರಲಿಲ್ಲ. ಬಸ್ಸು ಒಂದೊಂದು ನಿಲ್ದಾಣದಲ್ಲೂ ಮನೆಯ ಅಂಗಳದಲ್ಲಿ ನಿಂತಂತೆ ನಿಂತುಕೊಂಡಿತು. ಚಾಲಕ ಇಳಿದು ಯಾರ ಜೊತೆಗೋ ಹರಟಿದ. ಅಕ್ಕನಿಗೆ ಅವನ ಕತ್ತು ಹಿಸುಕಬೇಕೆನಿಸಿತು. ಡಿಸ್ಕಿನಲ್ಲಿ ಅದು ಇಲ್ಲದೆ ಹೋದರೆ? ಇದ್ದು, ಡಿಸ್ಕೇ ಕೆಟ್ಟಿದ್ದರೆ? ಅದೂ ಸರಿಯಿದ್ದು, ಲಾರಿ ಹೊರಟುಹೋಗಿದ್ದರೆ? ತಾನು ಆ ಕೀಲಿ ಒತ್ತಿದ ಗಳಿಗೆಯಲ್ಲಿ ಯಾರಾದರೂ ಫೋನ್ ಮಾಡಬಾರದಿತ್ತೇ, ಕರೆಂಟಾದರೂ ಹೋಗಬಾರದಿತ್ತೇ ಎಂದು ಹಳಹಳಿಸಿದಳು. ಹುಲ್ಲಿನಲ್ಲಿ ಅಲುಗದೆ ಕೂತು ದಾರಿ ಕಾಯುವ ಎರಡು ಮರಿಗಳು ಕಣ್ಣಿಗೆ ಕಟ್ಟಿ, ಬಸ್ಸಿನಲ್ಲೇ ಅಳು ಬಂತು.

ಲಾರಿ ಇನ್ನೂ ಅಲ್ಲೇ ಇತ್ತು. ಅರಣ್ಯ ಕಚೇರಿಯ ಅಂಗಳದಲ್ಲಿ, ಎಂಜಿನ್ ಚಾಲೂ ಆಗಿ, ಹಿಂದೆ ಹಸಿರು ಟಾರ್ಪಾಲು ಹೊದಿಸಿದ ಬೋನು. ಇಬ್ಬರು ಹಗ್ಗ ಬಿಗಿಯುತ್ತಿದ್ದರು. ಕಚೇರಿಯ ಬಾಗಿಲಿಗೆ ಹೋಗಬೇಕಾದರೆ ಲಾರಿಯ ಪಕ್ಕದಲ್ಲೇ ಹಾದುಹೋಗಬೇಕು. ಟಾರ್ಪಾಲಿನೊಳಗಿನಿಂದ ದಪ್ಪ ಉಸಿರಿನ ಸದ್ದು ಬರುತ್ತಿತ್ತು. ಬೆಕ್ಕಿಗೆ ಹೆದರುವ ಹೆಂಗಸು ಅಲ್ಲಿ ಒಂದು ಕ್ಷಣ ನಿಂತುಬಿಟ್ಟಳು. ಆ ಮೈಯ ಅರ್ಧ ಚುಕ್ಕೆಗಳನ್ನು ಅವಳು ಬಲ್ಲಳು. ಉಸಿರು ಕೇಳಿದ್ದು ಅದೇ ಮೊದಲು. "ಇರವ್ವ, ಇರು" ಎಂದು ಗೊಣಗಿಕೊಂಡು ಮೆಟ್ಟಿಲು ಹತ್ತಿದಳು.

ಒಳಗೆ ಅಧಿಕಾರಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಮೈದುನ ಕೂತಿದ್ದ. ತೊಡೆಯ ಮೇಲೆ ಹೆಲ್ಮೆಟ್ಟು, ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ.

"ಒಳಗೆ ಹೋಗಿ ಹೇಳಿದ್ಯಾ?"

"ಇಲ್ಲ." ತಲೆಯೆತ್ತಲಿಲ್ಲ. "ಬಂದಾಗಿಂದ ಕೂತೇ ಇದ್ದೀನಿ. ಎದ್ದೇಳೋಕೆ ಆಗ್ತಿಲ್ಲ ಅತ್ತಿಗೆ."

ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಎನಿಸಿತು. ತನ್ನಿಂದಲೇ ಅಲ್ಲವೇ ಇವನಿಗೆ ಈ ಗತಿ? "ಏಳು" ಎಂದಷ್ಟೇ ಹೇಳಿ ಬಾಗಿಲು ತಳ್ಳಿದಳು.

ಅಧಿಕಾರಿ ಕನ್ನಡಕ ಹಣೆಗೇರಿಸಿಕೊಂಡ ನಡುವಯಸ್ಸಿನ ಹೆಂಗಸು. ಅವರ ಬೆನ್ನ ಹಿಂದಿನ ಗೋಡೆಯಲ್ಲೂ ಅದೇ ಕ್ಯಾಲೆಂಡರು. "ಯಾರಮ್ಮ ನೀವು?"

"ಆ ಚಿತ್ರ..." ಅಕ್ಕ ಗೋಡೆಯ ಕಡೆ ಬೆರಳು ತೋರಿಸಿದಳು. "ಅದು ತಿರುಗಿದೆ ಮೇಡಂ. ಲಾರಿ ಕಳಿಸ್ಬೇಡಿ. ಲಾರಿಲಿರೋದು ಅವಳೇ."

"ಏನು ಹೇಳ್ತಿದ್ದೀರಿ? ನಿಮ್ಮ ಹಿಂದೆ ನಿಂತಿದಾರಲ್ಲ, ಅವರೇ ಬೆಳಿಗ್ಗೆ ಬರೆದುಕೊಟ್ಟಿದ್ದಾರೆ ಅವಳಲ್ಲ ಅಂತ."

ಅಕ್ಕ ಬಾಯಿ ತೆರೆಯುವ ಮೊದಲೇ ಮೈದುನ ಮುಂದೆ ಬಂದ. "ನಾನು ಬರೆದುಕೊಟ್ಟದ್ದು ತಪ್ಪು ಮೇಡಂ. ಚಿತ್ರ ತಿರುಗಿಸಿದ್ದು ಅತ್ತಿಗೆ. ಆದ್ರೆ ಕಾಡಲ್ಲಿ ಕಣ್ಣಾರೆ ಕಂಡು ಗುರುತು ಹಿಡೀದೆ ಇದ್ದೋನು ನಾನು. ಬಹುಮಾನ ವಾಪಸ್ ಕೊಡ್ತೀನಿ. ಮೊದ್ಲು ಲಾರಿ ನಿಲ್ಲಿಸಿ."

"ಕಂಪ್ಯೂಟರಲ್ಲಿ ಏನು ಬೇಕಾದ್ರೂ ತಿರುಗಿಸ್ಬಹುದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಹೇಳಿದ್ರೆ ನಾನು ಯಾವುದನ್ನ ನಂಬ್ಲಿ?"

ಅಕ್ಕ ಟವೆಲು ಬಿಚ್ಚಿ, ಡಬ್ಬಿ ತೆರೆದು, ಡಿಸ್ಕನ್ನು ಮೇಜಿನ ಮೇಲಿಟ್ಟಳು. ಊಟದ ಡಬ್ಬಿಯಿಂದ ಸಾಕ್ಷಿ ತೆಗೆದವರನ್ನು ಅಧಿಕಾರಿ ಅದೇ ಮೊದಲು ನೋಡಿದ್ದಿರಬೇಕು. ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿಯಿತು. ಡಿಸ್ಕು ಒಮ್ಮೆ ಕರಕರ ಎಂದು ಸುಮ್ಮನಾಯಿತು. ತಂತಿ ಕಿತ್ತು ಇನ್ನೊಂದ್ಸಲ ಚುಚ್ಚಿದರು. ತೆರೆಯಿತು.

ಕ್ಯಾಮೆರಾದಿಂದ ಬಂದಂತೆಯೇ ಇದ್ದ ಮೂಲ ಚಿತ್ರ. ಮಸುಕು, ಅರ್ಧ ಕತ್ತಲು, ಎಲ್ಲೆಲ್ಲೂ ಕೊಂಬೆ. ಚಿರತೆ ಎಡಕ್ಕೆ ನೋಡುತ್ತಿತ್ತು, ಚೌಕಟ್ಟಿನಿಂದ ಹೊರಗೆ. ಎಡ ಅಂಚಿನಲ್ಲಿ, ಅದು ನೋಡುತ್ತಿದ್ದ ಕಡೆಯಲ್ಲೇ, ಬಂಡೆಯ ಬುಡದಿಂದ ಒಂದು ಪುಟ್ಟ ಬಾಲದ ತುದಿ ಇಣುಕುತ್ತಿತ್ತು.

"ಇದೇನು?" ಎಂದರು ಅಧಿಕಾರಿ.

"ಮರಿ" ಎಂದ ಮೈದುನ, ಪಿಸುಮಾತಿನಲ್ಲಿ.

"ನಾನು ಅದನ್ನ ಕತ್ತರಿಸಿದ್ದೆ ಮೇಡಂ" ಎಂದಳು ಅಕ್ಕ. "ಅರ್ಧ ಬಾಲ ಚೆನ್ನಾಗಿ ಕಾಣಲ್ಲ ಅಂತ."

ಅಧಿಕಾರಿ ಬೋನಿನ ಚಿರತೆಯ ಎಡಮೈಯ ಫೋಟೋ ಪಕ್ಕಕ್ಕಿಟ್ಟು, ಪೆನ್ನಿನ ತುದಿಯಿಂದ ಒಂದೊಂದೇ ಚುಕ್ಕೆ ಮುಟ್ಟುತ್ತ ಹೋದರು. ಹೊರಗೆ ಲಾರಿ ಗೇರಿಗೆ ಬಿದ್ದ ಸದ್ದು ಕೇಳಿತು. ಮೈದುನ ಕಿಟಕಿಗೆ ಹಾರಿದ. ಅಧಿಕಾರಿ ಪೆನ್ನು ಕೆಳಗಿಟ್ಟು, ಕಿಟಕಿಯತ್ತ ತಿರುಗಿ, "ಎಂಜಿನ್ ಆರಿಸೋಕೆ ಹೇಳಿ" ಎಂದರು.

ಅಂದು ಸಂಜೆಯೇ ಚಿರತೆಯನ್ನು ಬಂಡೆಯ ಹತ್ತಿರ ಬಿಟ್ಟರು. ಬಿಟ್ಟದ್ದೇನೋ ಸರಿ. ಬೋನಿನಲ್ಲಿ ಅದು ಕಳೆದ ದಿನಗಳಲ್ಲಿ ಮರಿಗಳು ಏನಾದವೋ ಯಾರಿಗೂ ತಿಳಿಯದು. ಹಸಿದು ರಸ್ತೆಗೆ ಬಂದವೋ, ನಾಯಿಗಳ ಬಾಯಿಗೆ ಸಿಕ್ಕವೋ. ಪ್ರಾಣಿ ಹಾದುಹೋದರೆ ತಾನೇ ಕ್ಲಿಕ್ಕಿಸುವ ಕ್ಯಾಮೆರಾ ಒಂದನ್ನು ಅಲ್ಲಿನ ಮರಕ್ಕೆ ಕಟ್ಟಿ ಬಂದರು. ಬಹುಮಾನ ವಾಪಸಾಯಿತು. ಬ್ಯಾಂಕಿನ ಗೋಡೆಯ ಕ್ಯಾಲೆಂಡರನ್ನು ಮೈದುನನೇ ಇಳಿಸಿದನಂತೆ.

ಆ ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಅಕ್ಕ ಫೋನ್ ಕೈಗೆತ್ತಿಕೊಂಡು ಕೆಳಗಿಡುವಳು. ಏನೆಂದು ಕೇಳುವುದು, ನಿನ್ನ ಮರ್ಯಾದೆ ಹೇಗಿದೆ ಎಂದೇ, ಮರಿಗಳು ಸತ್ತವೇ ಎಂದೇ? ಸ್ಟುಡಿಯೋದಲ್ಲಿ ತಿರುಗಿಸುವ ಕೀಲಿಯ ಹತ್ತಿರ ಬೆರಳು ಹೋದರೆ ಬೆಚ್ಚಿ ಹಿಂದಕ್ಕೆಳೆಯುವಳು. ಒಂದು ಮದುವೆಯವರಂತೂ ಪೂರ್ತಿ ಹೊರಗೆ ನೋಡುತ್ತಲೇ ಆಲ್ಬಂ ಸೇರಿದರು. ರಾತ್ರಿ ಬೀಗ ಹಾಕಿ ಮತ್ತೆ ಎದ್ದುಹೋಗಿ ನೋಡಿದರೆ ಗಂಡ ನಗುತ್ತಿರಲಿಲ್ಲ. "ಬರ್ತಾನೆ ಬಿಡು. ಅವನಿಗೆ ಸಿಟ್ಟು ನಿನ್ನ ಮೇಲಲ್ಲ" ಎನ್ನುವನು. ಅವಳಿಗೆ ನಂಬಿಕೆ ಬರಲಿಲ್ಲ.

ಒಂದು ಮಧ್ಯಾಹ್ನ ಸ್ಟುಡಿಯೋ ಮೆಟ್ಟಿಲಿನಲ್ಲಿ ಅವನ ಬೂಟಿನ ಸದ್ದಾಯಿತು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಮೊದಲಿನ ಹಾಗೆಯೇ ಒಂದು ಕಾರ್ಡು ಅವಳ ಕೈಗಿಟ್ಟ. "ಮರಕ್ಕೆ ಕಟ್ಟಿದ್ದ ಕ್ಯಾಮೆರಾದ್ದು. ಒಂದೇ ಒಂದು ಫೋಟೋ ಬಂದಿದೆ."

ಅವಳು ಕಾರ್ಡು ಹಾಕಿದಳು. ಬಣ್ಣವಿಲ್ಲದ, ಬೂದಿ ಚೆಲ್ಲಿದಂಥ ಚಿತ್ರ. ಸ್ಟುಡಿಯೋಗೆ ಬಂದ ಯಾರಾದರೂ ಇಂಥದ್ದನ್ನು ತೆಗೆದಿದ್ದರೆ ಯಜಮಾನರು ಹೊರಗೆ ಅಟ್ಟುತ್ತಿದ್ದರು. ಚಿರತೆಯ ಮೂತಿ ಚೌಕಟ್ಟಿನಾಚೆ ಹೋಗಿದೆ, ಕಾಣುವುದು ಎಡಮೈ ಮಾತ್ರ. ಮೂರು ಚುಕ್ಕೆ, ದೂರ ಒಂದು. ಅದರ ಹಿಂದೆ ಒಂದು ಮರಿ, ಬಡಕಲಾಗಿದೆ, ಕಾಲೆತ್ತಿ ನಡೆಯುತ್ತಿದೆ.

"ಒಂದೇ ಮರಿ ಇದೆ ಅತ್ತಿಗೆ" ಎಂದ ಮೈದುನ. "ಕಚೇರಿಯಲ್ಲೂ ಎಲ್ಲರೂ ನೋಡಿದ್ರು. ಇನ್ನೊಂದು ಹೋಯ್ತು ಅಂತ ಬರೆದುಕೊಂಡ್ರು. ನಾನು ಅಷ್ಟು ಹೊತ್ತು ಆ ಬೆಂಚಿನ ಮೇಲೆ ಕೂರದೆ ಇದ್ದಿದ್ರೆ..."

"ನಾನು ಆ ಕೀಲಿ ಒತ್ತದೆ ಇದ್ದಿದ್ರೆ" ಎಂದಳು ಅವಳು. ಅವನು ಹೊರಡಲು ತಿರುಗಿದ.

"ಇರು" ಎಂದಳು ಅಕ್ಕ. "ಇನ್ನೊಂದ್ಸಲ ನೋಡ್ಬಿಡ್ತೀನಿ."

ಚಿತ್ರದ ನಡುವನ್ನು ಬಿಟ್ಟಳು. ಅದನ್ನು ಎಲ್ಲರೂ ನೋಡಿದ್ದಾರೆ. ಬಲ ಅಂಚಿನಿಂದ ಹಿಡಿದು, ದೊಡ್ಡದು ಮಾಡಿಕೊಂಡು, ಅಂಗುಲ ಅಂಗುಲ ಕೆಳಗಿಳಿದಳು. ಇಷ್ಟು ವರ್ಷ ಕತ್ತರಿಸಿ ಎಸೆದ ಜಾಗವೆಲ್ಲ ಅದೇ. ಹುಲ್ಲು, ಕಲ್ಲು, ಹುಲ್ಲು. ಕೆಳಗಿನ ಮೂಲೆಗೆ ಬಂದಾಗ ಅವಳ ಕೈ ನಿಂತಿತು. ಕತ್ತಲನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಒಂದಿಷ್ಟು ತಿಳಿಮಾಡಿದಳು. ಏನೂ ಸೇರಿಸಲಿಲ್ಲ.

ಮೂಲೆಯಲ್ಲಿ, ಚೌಕಟ್ಟಿಗೆ ಅರ್ಧ ಸಿಕ್ಕಿ ಅರ್ಧ ತಪ್ಪಿಸಿಕೊಂಡು, ಒಂದು ಪುಟ್ಟ ಕಿವಿ ಇತ್ತು.